ಕಹೋನ್ ಏರಿ, ಬೇಕರ್ ದಾಟಿ: ವೇಗಸ್ ದಾರಿಯಲ್ಲಿ ಎರಡು ಕಾರು

ಲಾಸ್ ಏಂಜಲಿಸ್‌ನಿಂದ ಲಾಸ್ ವೇಗಸ್‌ಗೆ ಐ-15 ಹೆದ್ದಾರಿ ಹಿಡಿದರೆ ಸುಮಾರು 435 ಕಿ.ಮೀ. ನಡುವೆ ಎರಡು ದೊಡ್ಡ ಏರು, ಉಳಿದದ್ದೆಲ್ಲ ಮೊಹಾವಿ ಮರುಭೂಮಿ. ಜುಲೈ ಮಧ್ಯಾಹ್ನ ಇಲ್ಲಿ 45 ಡಿಗ್ರಿ ಬಿಸಿಲು ಅಪರೂಪವಲ್ಲ. ಜೋಡಿಯಾಗಿ ಹೊರಟ ಕಾರು ಎರಡು. ಒಂದು 2023ರ ಡಾಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್: 6.4 ಲೀಟರಿನ, ಎಂಟು ಸಿಲಿಂಡರಿನ ಹೆಮಿ ವಿ8 ಪೆಟ್ರೋಲ್ ಎಂಜಿನ್, 485 ಅಶ್ವಶಕ್ತಿ. ಇನ್ನೊಂದು 2024ರ ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್: ವಿದ್ಯುತ್ ಕಾರು, 510 ಅಶ್ವಶಕ್ತಿ. ಸಿಗ್ನಲ್ ಬಿಟ್ಟು ನುಗ್ಗುವುದರಲ್ಲಿ ಯಾವುದು ಮುಂದೆ ಅನ್ನುವ ಚರ್ಚೆ ಹಳೆಯದಾಯಿತು, ಅಲ್ಲಿ ಟೆಸ್ಲಾನೇ ಮುಂದೆ. ಈ ದಾರಿಯಲ್ಲಿ ನೋಡಬೇಕಾದದ್ದು ಏರು, ಗಾಳಿ, ಬಿಸಿ ಈ ಮೂರನ್ನು.

ಹೊರಡುವ ಮೊದಲು ಟಯರಿನ ಗಾಳಿ. ಬೆಳಗಿನ ತಂಪಿನಲ್ಲೇ ನೋಡಿ, ಬಾಗಿಲ ಕಂಬದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ತುಂಬಿಸಿ. ಬಿಸಿಯಾದಾಗ ಪ್ರತಿ 5–6 ಡಿಗ್ರಿಗೆ ಒಂದು ಪಿಎಸ್‌ಐಯಂತೆ ಏರುತ್ತದೆ. ಏರಿತೆಂದು ದಾರಿಯಲ್ಲಿ ಗಾಳಿ ಬಿಡಬಾರದು. ಬಿಟ್ಟರೆ ಟಯರಿನ ಬದಿ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ. ಚಾಲೆಂಜರ್ ಶುರುವಾದ ಕೂಡಲೇ ಬಾನೆಟ್ ಹತ್ತಿರ ಕಿವಿಗೊಡಿ. ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ಸದ್ದಡಗಿದರೆ ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಯ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಬೋಲ್ಟ್ ಮುರಿದಿರಬಹುದು. ಮ್ಯಾನಿಫೋಲ್ಡ್ ಮತ್ತು ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ನಡುವೆ ಸಿಕ್ಕಿದ ಬೋಲ್ಟ್ ಸೋಲುತ್ತದೆ. ಬಿಸಿಯಾದಾಗ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ನಿಲ್ಲುತ್ತದೆ, ರಿಪೇರಿ ಆಯಿತೆಂದಲ್ಲ.

ಸ್ಯಾನ್ ಬರ್ನಾರ್ಡಿನೊ ದಾಟಿದ ಮೇಲೆ ಕಹೋನ್ ಕಣಿವೆ. ಸುಮಾರು 320 ಮೀಟರಿನಿಂದ 1,300 ಮೀಟರಿಗೆ ಏರು. ಆಗುಂಬೆಯಂತೆ ಹಿಮ್ಮುರಿ ತಿರುವುಗಳಿಲ್ಲ, ಅಗಲವಾದ ಹೆದ್ದಾರಿ ಸುಮ್ಮನೆ ಮೇಲಕ್ಕೆ ಹೋಗುತ್ತದೆ. ಪಕ್ಕದಲ್ಲಿ ಮೈಲುದ್ದದ ಗೂಡ್ಸ್ ರೈಲು ತೆವಳುತ್ತಿರುತ್ತದೆ. ವಿದ್ಯುತ್ ಕಾರಿನವರು ಎಡವುವುದು ಎದುರುಗಾಳಿ ಬೀಸಿದ ದಿನ. ಗಂಟೆಗೆ 113 ಕಿ.ಮೀ. ವೇಗಕ್ಕೆ 30 ಕಿ.ಮೀ. ಎದುರುಗಾಳಿ ಸೇರಿದರೆ ಗಾಳಿಯ ತಡೆ ಸುಮಾರು 60 ಶೇಕಡಾ ಹೆಚ್ಚು. ಮುಂದೆ ಬೇಕರ್ ಊರು ತಲುಪುವಾಗ ಬ್ಯಾಟರಿ 20 ಶೇಕಡಾ ಉಳಿಯುತ್ತದೆ ಅಂದಿದ್ದ ಪರದೆ ಐದಕ್ಕೆ ಇಳಿಯಬಹುದು. ಆಗ ವೇಗವನ್ನು 100ಕ್ಕೆ ಇಳಿಸಿ, ಇಲ್ಲವೇ ಬೇಕರ್‌ಗೂ ಮೊದಲು ಸಿಗುವ ಬಾರ್‌ಸ್ಟೋದಲ್ಲಿ ಹತ್ತು ನಿಮಿಷ ಚಾರ್ಜ್ ಮಾಡಿ. ಚಾಲೆಂಜರಿಗೂ ಅದೇ ಗಾಳಿ, ಆದರೆ 70 ಲೀಟರ್ ಟ್ಯಾಂಕಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಇಡೀ ದಾರಿಗೆ 45 ಲೀಟರ್ ಆಸುಪಾಸು ಸಾಕು. 91 ಆಕ್ಟೇನಿನ ಪೆಟ್ರೋಲೇ ಹಾಕಿಸಬೇಕು. ನಡುವೆ ಬೇಕೆನಿಸಿದರೆ ಬಾರ್‌ಸ್ಟೋದಲ್ಲೇ ಹಾಕಿಸುವುದು ಲೇಸು, ಬೇಕರ್‌ನಲ್ಲಿ ದರ ಕೈ ಸುಡುತ್ತದೆ.

ಬೇಕರ್ ಅಂದರೆ 134 ಅಡಿ ಎತ್ತರದ ಥರ್ಮಾಮೀಟರ್ ಕಂಬ ಇರುವ ಸಣ್ಣ ಊರು. 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ನ ನೆನಪಿಗೆ ಆ ಎತ್ತರ. ಟೆಸ್ಲಾ ಚಾರ್ಜ್ ಆಗಬೇಕಾದದ್ದು ಇಲ್ಲೇ. ಚಾರ್ಜರನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಟ್ಟರೆ ಕಾರು ದಾರಿಯಲ್ಲೇ ಬ್ಯಾಟರಿಯನ್ನು ಹದಕ್ಕೆ ತಂದುಕೊಳ್ಳುತ್ತದೆ. 20ರಿಂದ 60 ಶೇಕಡಾಕ್ಕೆ ಹದಿನೈದು ನಿಮಿಷದ ಒಳಗೆ ಮುಗಿಯುತ್ತದೆ. ವೇಗಸ್‌ಗೆ ಇನ್ನುಳಿದ 150 ಕಿ.ಮೀ.ಗೆ ಅಷ್ಟು ಸಾಕು. 80 ದಾಟಿದ ಮೇಲೆ ಚಾರ್ಜಿಂಗ್ ಬಹಳ ನಿಧಾನ, ಕಾಯುವುದು ವ್ಯರ್ಥ. ಬಿಸಿಲಿಗೆ ಕಾದ ಚಾರ್ಜರ್ ಹಿಡಿಗೆ ಒದ್ದೆ ಬಟ್ಟೆ ಸುತ್ತುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನ ತಾಪಮಾಪಕಕ್ಕೆ ತಪ್ಪು ಲೆಕ್ಕ ಸಿಕ್ಕಿ, ಕಾವು ಮಿತಿಮೀರಿದ್ದು ಗೊತ್ತೇ ಆಗದೆ ಹೋಗಬಹುದು.

ಬೇಕರ್ ಇರುವುದು 283 ಮೀಟರಿನಲ್ಲಿ, 56 ಕಿ.ಮೀ. ಆಚೆಯ ಮೌಂಟನ್ ಪಾಸ್ ಎಂಬ ಕಣಿವೆದಾರಿ 1,442 ಮೀಟರಿನಲ್ಲಿ. ಎಂಜಿನ್ ಮಿತಿಮೀರಿ ಕಾಯದಿರಲು ಎಸಿ ಆರಿಸಿ ಎನ್ನುವ ಫಲಕ ಈ ಏರಿನಲ್ಲಿ ಕಾಣುತ್ತದೆ. 1970ರ ಮಸಲ್ ಕಾರು (ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರು) ತಂದವರು ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಅವುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡು ಟ್ಯಾಂಕಿನಿಂದ ಹೀರುತ್ತದೆ. ಹೀರುವಾಗ ಒತ್ತಡ ಇಳಿದು, ಬಿಸಿಯಾದ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಎಂಜಿನ್ ನಿಂತುಬಿಡುತ್ತದೆ. 2023ರ ಚಾಲೆಂಜರಿನಲ್ಲಿ ಪಂಪು ಟ್ಯಾಂಕಿನೊಳಗಿದ್ದು ಒತ್ತಡದಿಂದ ತಳ್ಳುವುದರಿಂದ ಆ ಕಾಟವಿಲ್ಲ. ಆದರೂ ಎಂಟನೇ ಗೇರಿನಲ್ಲೇ ಎಳೆಸಬೇಡಿ. ಆರಕ್ಕೋ ಐದಕ್ಕೋ ಇಳಿಸಿದರೆ ನೀರಿನ ಪಂಪು ಜೋರಾಗಿ ತಿರುಗಿ ಎಂಜಿನ್ ತಂಪಾಗಿರುತ್ತದೆ. ಆ ಗೇರುಗಳಲ್ಲಿ ಎಂಟೂ ಸಿಲಿಂಡರ್ ಒಟ್ಟಿಗೆ ಗುಡುಗುವ ನಾದ ಈ ದಾರಿಯ ನಡುವಿನ ಹ್ಯಾಲರನ್ ಏರಿನ ಕಲ್ಲುಗೋಡೆಗೆ ಬಡಿದು ತಿರುಗಿ ಬರುತ್ತದೆ. ಈ ಸುಖಕ್ಕೆ ಬದಲಿ ಇಲ್ಲ. ಡಾಜ್ ತನ್ನ ಹೊಸ ವಿದ್ಯುತ್ ಕಾರು ‘ಚಾರ್ಜರ್ ಡೇಟೋನಾ’ಕ್ಕೆ ಕೃತಕ ಎಕ್ಸಾಸ್ಟ್ ಸದ್ದು ಜೋಡಿಸಿರುವುದು ಇದೇ ಕೊರತೆ ತುಂಬಲು.

ಆದರೆ ಎತ್ತರ ಏರಿದಂತೆ ಗಾಳಿ ತೆಳುವಾಗಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ವಿ8ನ ಬಲ ಸಾವಿರ ಅಡಿಗೆ ಸುಮಾರು 3 ಶೇಕಡಾದಂತೆ ಇಳಿಯುತ್ತದೆ. ಪಾಸಿನ ತುದಿಯಲ್ಲಿ 485 ಅಶ್ವಶಕ್ತಿ 415ರ ಹತ್ತಿರಕ್ಕೆ ಬಂದಿರುತ್ತದೆ. ವಿದ್ಯುತ್ ಮೋಟಾರಿಗೆ ಉಸಿರಾಟದ ಹಂಗಿಲ್ಲ. ಅದು ತೆರುವ ಬೆಲೆ ಬೇರೆ: ಇಬ್ಬರು ಕುಳಿತ ಎರಡು ಟನ್ ಕಾರನ್ನು 1,160 ಮೀಟರ್ ಎತ್ತಲಷ್ಟೇ ಬ್ಯಾಟರಿಯಿಂದ ಏಳು ಯೂನಿಟ್, ಓಟಕ್ಕೆ ಇನ್ನೊಂದು ಹತ್ತು.

ತುದಿಯಲ್ಲಿ ಎಡಗಡೆ ಮಣ್ಣಿನ ದಿಬ್ಬಗಳು, ಶೆಡ್ಡುಗಳು. ಅದು ಮೌಂಟನ್ ಪಾಸ್ ಗಣಿ. 1949ರಲ್ಲಿ ಯುರೇನಿಯಂ ಹುಡುಕುವವರಿಗೆ ಸಿಕ್ಕ ಈ ಅಪರೂಪದ ಲೋಹಗಳ ಅದಿರು ಮುಂದೆ ಬಣ್ಣದ ಟಿವಿಯ ಕೆಂಪಿಗೆ ಯೂರೋಪಿಯಂ ಕೊಟ್ಟಿತು. ಈಗ ಇಲ್ಲಿಂದ ತೆಗೆಯುವ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಬೇಕಾಗುವುದು ವಿದ್ಯುತ್ ಕಾರುಗಳ ಮೋಟಾರಿನಂಥ ಕಡೆ ಬಳಸುವ ಶಾಶ್ವತ ಅಯಸ್ಕಾಂತಗಳಿಗೆ. ದಾರಿಯಲ್ಲಿ ಇದನ್ನು ಗಮನಿಸದೆ ಹೋಗುವವರೇ ಹೆಚ್ಚು.

ಮುಂದೆ ಐವನ್‌ಪಾ ಒಣಕೆರೆಯತ್ತ ಇಳಿಜಾರು. ಚಾಲೆಂಜರನ್ನು ಗೇರಿನಲ್ಲೇ ತಡೆಯಿರಿ, ಬ್ರೇಕನ್ನೇ ಒತ್ತಿ ಹಿಡಿದರೆ ಪ್ಯಾಡು ಕಾದು ವಾಸನೆ ಬರುತ್ತದೆ. ಟೆಸ್ಲಾದಲ್ಲಿ ಪೆಡಲಿನಿಂದ ಕಾಲು ಸಡಿಲಿಸಿದರೆ ಸಾಕು, ಮೋಟಾರೇ ಜನರೇಟರಾಗಿ ತಡೆಯುತ್ತದೆ. ಇದರ ಪೂರ್ತಿ ಲಾಭ ಕಾಣುವುದು ವಾಪಸಾಗುವಾಗ. ಹೋಗುವಾಗ 17 ಯೂನಿಟ್ ತಿಂದ ಅದೇ 56 ಕಿ.ಮೀ., ಮೌಂಟನ್ ಪಾಸಿನಿಂದ ಬೇಕರ್‌ಗೆ ಇಳಿಯುವಾಗ ಐದು ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಹಾಗಾಗಿ ವೇಗಸ್‌ನ ಹೋಟೆಲಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿ ಹೊರಟವರು ಬೇಕರ್‌ನಲ್ಲಿ ನಿಲ್ಲಬೇಕಿಲ್ಲ, ನೇರ ಬಾರ್‌ಸ್ಟೋಗೆ ಹೋಗಬಹುದು. ಚಾಲೆಂಜರಿನವರು ನೆವಾಡ ಬಿಡುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಗಡಿಯ ಈಚೆ, ಕ್ಯಾಲಿಫೋರ್ನಿಯಾದಲ್ಲಿ, ಲೀಟರಿನ ದರ ಹೆಚ್ಚು. ಭಾನುವಾರ ಮಧ್ಯಾಹ್ನವಾದರೆ ಗಡಿಯ ಬಳಿ ವಾಹನಗಳ ಸಾಲೂ ಬಹಳ ಉದ್ದವಿರುತ್ತದೆ.