ರೆಕ್ಕೆಯಲ್ಲಿ ಸಿಕ್ಕ ಸೀಸದ ಗುಂಡು

ಹೋದ ಶನಿವಾರ ಊರಿನಿಂದ ತಮ್ಮ ಒಂದು ಕಂತೆ ಫೋಟೊ ಕಳಿಸಿದ. ನಮ್ಮೂರ ಈಶ್ವರನ ಗುಡಿಯ ಜೀರ್ಣೋದ್ಧಾರ ಮುಗಿದು ಕುಂಭಾಭಿಷೇಕವಾಗಿತ್ತು. ಅವು ಬಂದಾಗ ನಾನು ಇಂಗ್ಲೆಂಡಿನಲ್ಲಿ, ಬ್ಲೈಬರೊ ಎಂಬ ಹಳ್ಳಿಯ ಚರ್ಚಿನಲ್ಲಿದ್ದೆ. ಪಕ್ಕದ ಮನೆಯ ಹಿರಿಯರದು ಅಂದು ಬಾಗಿಲು ತೆರೆಯುವ ಸರದಿ; ಹೂದಾನಿಗಳನ್ನು ಹೊತ್ತುಕೊಡಲು ಜೊತೆಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು, ಹೆಮ್ಮೆಯಿಂದ ಮೊಬೈಲನ್ನು ಅವರ ಕೈಗಿತ್ತೆ. ಐದು ಬಣ್ಣದ ಗೋಪುರ, ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲ, ಕಂಬಕಂಬಕ್ಕೂ ಸ್ಟೀಲಿನ ಕಟಕಟೆ. ಒಂದೊಂದನ್ನೇ ನಿಧಾನವಾಗಿ ನೋಡಿದರು. “ಎಷ್ಟು ಹೊಳೆಯುತ್ತಿದೆ!” ಎಂದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: “ಹಳೆಯದು ಎಲ್ಲಿ ಹೋಯಿತು?”

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಹಳೆಯ ಗುಡಿ ಬೇರೆಲ್ಲೋ ಇದೆ, ಇದು ಇನ್ನೊಂದು ಎಂದೇ ಅವರು ತಿಳಿದಿದ್ದರು. ಇದೇ ಅದು ಎಂದು ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ತಲೆ ಎತ್ತಿ ಸೂರು ನೋಡುತ್ತ ಕುಳಿತೆ.

ಆ ಸೂರನ್ನು ಬಲ್ಲವರಿಗೆ ಇದು ಅರ್ಥವಾದೀತು. ಸಫೋಕ್‌ನ ಜೌಗು ನೆಲದ ಅಂಚಿನಲ್ಲಿ, ಬ್ಲೈತ್ ನದಿ ಸಮುದ್ರದ ಕಡೆ ಹರಡಿಕೊಳ್ಳುವಲ್ಲಿ, ಈ ಹೋಲಿ ಟ್ರಿನಿಟಿ ಚರ್ಚು ದೂರದಿಂದ ಹಡಗಿನಂತೆ ಕಾಣುತ್ತದೆ. ಊರಿನಲ್ಲಿರುವುದು ಬೆರಳೆಣಿಕೆಯ ಬೀದಿಗಳು. ಚರ್ಚು ಮಾತ್ರ ನಗರವೊಂದಕ್ಕೆ ಸಾಲುವಷ್ಟು ದೊಡ್ಡದು. ಇದರ ಬಹುಭಾಗ 15ನೆಯ ಶತಮಾನದ್ದು. ಈ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲಿಲ್ಲ, ಹೊಲದಲ್ಲಿ ಸಿಗುವುದು ಚಕಮಕಿ ಕಲ್ಲು. ಅದನ್ನೇ ಒಡೆದು, ಒಳಗಿನ ಕಪ್ಪು ಹೊಳಪನ್ನು ಹೊರಮುಖ ಮಾಡಿ, ದೂರದಿಂದ ತರಿಸಿದ ಬಿಳಿಗಲ್ಲಿನ ನಡುವೆ ಕೂರಿಸಿ ಗೋಡೆಗೆ ಚಿತ್ತಾರ ಬಿಡಿಸಿದ್ದಾರೆ. ಒಳಗೆ ಹೋದರೆ ಎತ್ತರದಲ್ಲಿ ಎರಡೂ ಕಡೆ ಹದಿನೆಂಟು ಹದಿನೆಂಟು ಕಿಟಕಿಗಳು. ಬಣ್ಣದ ಗಾಜು ಬಹುಪಾಲು ಹೋಗಿರುವುದರಿಂದ ಬೆಳಕು ಹಾಲಿನಂತೆ ಬಿಳಿಯಾಗಿ ಇಳಿಯುತ್ತದೆ. ಆ ಬೆಳಕಿನಲ್ಲಿ, ಸೂರಿನ ತೊಲೆಗಳ ನಡುವಿನಿಂದ, ಮರದ ದೇವದೂತರು ರೆಕ್ಕೆ ಬಿಚ್ಚಿಕೊಂಡು ಕೆಳಗೆ ನೋಡುತ್ತಿರುತ್ತಾರೆ. ಅವರ ಮೈಯ ಕೆಂಪು, ಹಸಿರು ಮಾಸಿ, ಒಣಗಿದ ಎಲೆಯ ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ಯಾರೂ ಹೊಸ ಬಣ್ಣ ಬಳಿದಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸುಖವಾಗಿ ಉಳಿದುಬಂದಿತು ಎಂದಲ್ಲ. 1577ರ ಆಗಸ್ಟ್ 4ರಂದು, ಪ್ರಾರ್ಥನೆ ನಡೆಯುತ್ತಿದ್ದಾಗಲೇ ಬಿರುಗಾಳಿ ಎದ್ದು ಇಬ್ಬರು ಸತ್ತರು, ಗೋಪುರದ ಶಿಖರ ಕುಸಿಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಇಂದಿಗೂ ಗೋಪುರ ಬೋಳಾಗಿದೆ. ಸೈತಾನನೇ ಕರಿನಾಯಿಯ ರೂಪದಲ್ಲಿ ಒಳನುಗ್ಗಿದ ಎಂಬ ಕತೆಯನ್ನು ಮಕ್ಕಳಿಗೆ ಹೇಳಿ, ಬಡಗಣ ಬಾಗಿಲಿನ ಸುಟ್ಟ ಗುರುತುಗಳನ್ನು ಅದರ ಉಗುರಿನ ಗಾಯ ಎಂದು ತೋರಿಸುತ್ತಾರೆ. 1644ರಲ್ಲಿ, ಚರ್ಚಿನೊಳಗೆ ಚಿತ್ರ, ವಿಗ್ರಹ ಕೂಡದೆನ್ನುತ್ತಿದ್ದ ಪ್ಯೂರಿಟನ್ ಪಂಥದವರ ಕಡೆಯಿಂದ ವಿಲಿಯಂ ಡೌಸಿಂಗ್ ಎಂಬವನು ಬಂದು ಚಿತ್ರಗಳನ್ನೂ ದೇವದೂತರನ್ನೂ ತೆಗೆಸಲು ಆಜ್ಞೆ ಮಾಡಿದ.

ಪಕ್ಕದ ಮನೆಯವರು ಹೇಳಿದ ಕತೆ ಇಲ್ಲಿಂದ ಮುಂದಿನದು. ದೇವದೂತರ ಮೈಯಲ್ಲಿ ಗುಂಡೇಟಿನ ತೂತುಗಳಿವೆ. ಡೌಸಿಂಗನ ಜನ ಕೆಳಗಿನಿಂದ ಕೋವಿಯಲ್ಲಿ ಹೊಡೆದರು ಎಂದು ಊರಿನವರೆಲ್ಲ ತಲೆಮಾರುಗಳಿಂದ ನಂಬಿದ್ದರು. 1970ರ ದಶಕದಲ್ಲಿ ಸೂರಿನ ದುರಸ್ತಿ ನಡೆದಾಗ ಮರದೊಳಗೆ ಸೀಸದ ಗುಂಡುಗಳು ಸಿಕ್ಕವು. ಅವು ಡೌಸಿಂಗನ ಕಾಲದವಲ್ಲ. ಚರ್ಚಿನದೇ 18ನೆಯ ಶತಮಾನದ ಲೆಕ್ಕದ ಪುಸ್ತಕದಲ್ಲಿ, ಒಳಗೆ ಗೂಡು ಕಟ್ಟುವ ಜ್ಯಾಕ್‌ಡಾ ಎಂಬ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ಕೊಟ್ಟ ಹಣದ ನಮೂದು ಇದೆ.

“ಅಷ್ಟು ವರ್ಷ ಅವನನ್ನು ಬೈದೆವು. ಗುಂಡಿಗೆ ದುಡ್ಡು ಕೊಟ್ಟವರು ನಾವೇ,” ಎಂದರು ಅವರು.

ನನ್ನ ಎದೆ ಧಸಕ್ಕೆಂದಿತು. ನಮ್ಮ ಗುಡಿಯ ದ್ವಾರಪಾಲಕನ ಮೂಗು ಮುರಿದದ್ದು ಯಾವ ಕಾಲದ ಯಾವ ದಂಡು ಎಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಈ ಸಲ ಆ ದ್ವಾರಪಾಲಕನಿಗೆ ಕಣ್ಣು, ಮೀಸೆ ತೀಡಿ ಎಣ್ಣೆಬಣ್ಣ ಬಳಿದದ್ದು ಜೀರ್ಣೋದ್ಧಾರದ ದುಡ್ಡಿನಲ್ಲಿ. ಅದರಲ್ಲಿ ನನ್ನ ಐದುನೂರು ಪೌಂಡ್ ಇದೆ. ದಾನಿಗಳ ಅಮೃತಶಿಲೆಯ ಫಲಕದಲ್ಲಿ ನನ್ನ ಹೆಸರು ಮೂರನೆಯದು.

ಗುಡಿಯ ನವರಂಗದ ನಡು ಅಂಕಣದಲ್ಲಿ ಒಂದು ಭುವನೇಶ್ವರಿ ಇತ್ತು. ಕೆಳಮುಖವಾಗಿ ಅರಳಿದ ಕಲ್ಲಿನ ತಾವರೆ, ದೀಪದ ಹೊಗೆಗೆ ಕಪ್ಪಾಗಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲಷ್ಟೇ ಕಾಣುತ್ತಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, “ಸ್ವಲ್ಪ ಹೊತ್ತು ಸುಮ್ಮನೆ ನೋಡು, ತಾನಾಗಿ ಅರಳುತ್ತದೆ,” ಎನ್ನುತ್ತಿದ್ದರು. ಈಗ ಫೋಟೊದಲ್ಲಿ ಅದು ಗುಲಾಬಿ ಬಣ್ಣದ್ದು, ಸುತ್ತ ಟ್ಯೂಬ್‌ಲೈಟ್. ಕಾಯುವ ಕೆಲಸವೇ ಇಲ್ಲ.

ಊರಿನವರಿಗೆ ಭಕ್ತಿ ಕಡಿಮೆ ಎಂದು ನಾನು ಹೇಳಲಾರೆ. ಕೂಲಿಯವರೂ ಒಂದು ದಿನದ ಸಂಬಳ ಕೊಟ್ಟಿದ್ದಾರೆ. ಕುಂಭಾಭಿಷೇಕದ ದಿನ ಸೇರಿದ ಜನ ಬ್ಲೈಬರೊದ ಬೆಂಚುಗಳಲ್ಲಿ ಒಂದು ವರ್ಷದ ಭಾನುವಾರಗಳಲ್ಲಿ ಸೇರುವುದಿಲ್ಲ. ದೇವರಿಗೆ ಹೊಸದನ್ನೇ ಕೊಡಬೇಕೆಂಬ ಪ್ರೀತಿ ಅದು, ನನ್ನದೂ ಅದೇ ಆಗಿತ್ತು. ಆದರೆ ಕೈ ತಡೆಯುವವರು ಯಾರೂ ಇರಲಿಲ್ಲ. ಈ ಚರ್ಚು ಕೂಡ 1881ರಲ್ಲಿ ಅಪಾಯಕಾರಿ ಎಂದು ಬೀಗ ಹಾಕಿಸಿಕೊಂಡಿತ್ತು. ಸೋರುವ ಸೂರಿನಡಿ ಜನ ಕೊಡೆ ಬಿಚ್ಚಿಕೊಂಡು ಕೂರುತ್ತಿದ್ದರಂತೆ. ಆಗ ಇಲ್ಲಿಯೂ ಎಲ್ಲವನ್ನೂ ಹೊಸದು ಮಾಡುವ ಉತ್ಸಾಹವೇ ಇತ್ತು. 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಹಟ ಹಿಡಿದು ಎದುರು ನಿಂತಿತು: ಹೊಸದು ಮಾಡಬೇಡಿ, ದುರಸ್ತಿ ಮಾಡಿ. ಈಗ ಇಲ್ಲಿನ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ಕಟ್ಟಡ ಬಲ್ಲ ತಜ್ಞರು ಪರೀಕ್ಷಿಸಲೇಬೇಕು. ಒಂದು ಬೆಂಚು ಕೀಳಬೇಕಾದರೂ ಬಿಷಪ್ಪರ ಆಡಳಿತ ಪ್ರಾಂತವಾದ ಡಯಾಸಿಸ್‌ನ ಒಪ್ಪಿಗೆ ಬೇಕು. ಪಕ್ಕದ ಮನೆಯವರು ಆ ಕಾಗದಪತ್ರಗಳಿಗೆ ಗೊಣಗುತ್ತಲೇ ಇರುತ್ತಾರೆ. ನಮಗೆ ಅಂಥ ಗೊಣಗಾಟವಾದರೂ ಇರಬಾರದಿತ್ತೇ ಎಂದು ನನ್ನ ಸಂಕಟ.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿ ಹಳೆಯ ಚಪ್ಪಡಿಗಳು ಎಲ್ಲಿ ಎಂದು ಕೇಳಿದೆ. “ಕೆರೆ ಏರಿಯ ಹತ್ತಿರ ಒಟ್ಟಿದ್ದಾರೆ ಅಕ್ಕ. ಚರಂಡಿ ಮುಚ್ಚಲು ಆಗುತ್ತದೆ ಎನ್ನುತ್ತಿದ್ದರು,” ಎಂದ. ಮರುದಿನ ನನ್ನ ಒತ್ತಾಯಕ್ಕೆ ಹೋಗಿ ಫೋಟೊ ಕಳಿಸಿದ. ಮೇಲಿನಿಂದ ಎರಡನೆಯ ಚಪ್ಪಡಿಯಲ್ಲಿ, ಮಣ್ಣು ಮೆತ್ತಿದ್ದರೂ, ಚೌಕಾಬಾರದ ಇಪ್ಪತ್ತೈದು ಮನೆಗಳು ಕಾಣುತ್ತಿದ್ದವು. ಜಾತ್ರೆಯ ಹಿಂದಿನ ರಾತ್ರಿಗಳಲ್ಲಿ ಅದರ ಮೇಲೆ ಕವಡೆ ಹಾಕಿ ಆಡಿದ್ದೆವು. ಯಾವ ಕಾಲದಲ್ಲಿ ಯಾರು ಕೊರೆದದ್ದೋ.

“ಅದನ್ನು ಯಾರಿಗೂ ಮುಟ್ಟಲು ಬಿಡಬೇಡ, ನಾಳೆಯೇ ಟ್ರ್ಯಾಕ್ಟರ್ ಮಾಡಿ ಅಷ್ಟನ್ನೂ ನಮ್ಮ ಹಿತ್ತಲಿಗೆ ತಂದು ಇರಿಸು, ಬಾಡಿಗೆ ನಾನು ಕೊಡುತ್ತೇನೆ,” ಎಂದು ಹೇಳಿದ್ದೇನೆ.