ತಲಿ ನೋಯಂಗಿಲ್ಲ, ಮತ್ತ ಬಿಪಿ ಎಲ್ಲಿಂದ ಬಂತ್ರಿ?

ಈ ವಾರ ಗುಳೇದಗುಡ್ಡದ ತಪಾಸಣೆ ಶಿಬಿರದಲ್ಲಿ ನೇಕಾರ ಕಾಕಾ ಒಬ್ಬರು ಕೇಳಿದ್ದು. 148/92 ಅಂದ ಕೂಡಲೇ ನಕ್ಕರು, ಆಮೇಲೆ ಹೆಂಡತಿಯ ಮುಖ ನೋಡಿದರು. "ತಲಿ ನೋಯಂಗಿಲ್ಲ, ಚಕ್ಕರ್ ಬರಂಗಿಲ್ಲ. ಮತ್ತ ಬಿಪಿ ಎಲ್ಲಿಂದ ಬಂತ್ರಿ?"

ಆ ಅಂಕಿಯನ್ನು ನಂಬುವ ಹಾಗೇ ಇರಲಿಲ್ಲ. ಬಿಸಿಲಲ್ಲಿ ನಡೆದು ಬಂದವರು, ಬಾಯಲ್ಲಿ ತಂಬಾಕು, ಅಂಗಿಯ ತೋಳಿನ ಮೇಲೆಯೇ ಬಿಪಿ ಅಳೆಯುವ ಪಟ್ಟಿ, ಕಾಲು ಜೋತುಬಿದ್ದ ಎತ್ತರದ ಸ್ಟೂಲು, ನಡುವೆ ಮಾತು ಬೇರೆ. ಪಾಳಿ ಉದ್ದ ಇತ್ತು ಅನ್ನುವುದು ಅಳೆದ ಹುಡುಗನ ನೆವ. ತಂಬಾಕು, ಚಹಾ ಆದಮೇಲೆ ಅರ್ಧ ತಾಸು ಬಿಡಬೇಕು. ಮೂತ್ರ ಕಟ್ಟಿಕೊಂಡು ಕೂತರೂ ಅಂಕಿ ಏರುತ್ತದೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಐದು ನಿಮಿಷ ಬಾಯಿ ಬಂದ್. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ.

ಅರ್ಧ ತಾಸಿನ ಮೇಲೆ ಹೀಗೆ ಅಳೆದಾಗ 136/86, 134/86. ದವಾಖಾನೆಯ ಗೆರೆ 140/90. ಅದರೊಳಗೇ ಇದ್ದಾರೆ, ಆದರೆ 120/80ರ ನೆಮ್ಮದಿಯಲ್ಲೂ ಇಲ್ಲ. ಇಂಥವರಿಗೆ ಒಂದೇ ದಿನದ ತೀರ್ಪು ಸಲ್ಲದು. ಮನೆಯಲ್ಲಿ ಒಂದು ವಾರ, ಬೆಳಗ್ಗೆ ಸಂಜೆ ಎರಡೆರಡು ಸಲ ಅಳೆದು ಬರೆದಿಟ್ಟು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಬೇಕು. ಮನೆಯ ಅಳತೆಗೆ ಗೆರೆ ತುಸು ಕೆಳಗೆ: ಸರಾಸರಿ 135/85 ಮುಟ್ಟಿದರೆ ವೈದ್ಯರ ಹತ್ತಿರ. ಪಕ್ಕದ ಮನೆಯವರ ಗುಳಗಿ ಮಾತ್ರ ಬೇಡ.

"ತಲಿ ನೋಯಂಗಿಲ್ಲ." ಹೌದು, ಬಹುಮಟ್ಟಿಗೆ ನೋಯುವುದೇ ಇಲ್ಲ. ರಕ್ತನಾಳ, ಮೂತ್ರಪಿಂಡ, ಕಣ್ಣು ವರ್ಷಗಟ್ಟಲೆ ಸುಮ್ಮನೆ ಭಾರ ಹೊರುತ್ತವೆ. ತಲೆನೋವಿನ ದಾರಿ ಕಾಯುವವನಿಗೆ ಅದು ಬಾರದೆಯೂ ಇರಬಹುದು. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ 108.

ಕಾಕಾ ಹೇಳದೇ ಬಿಟ್ಟದ್ದೂ ಒಂದಿತ್ತು. ಕುಣಿಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ) ಕೂತು ಹಿಡಿದ ಬೆನ್ನಿಗೆ ದಿನಾ ನುಂಗುವ ಡೈಕ್ಲೋಫೆನಾಕ್! ಅಂಥ ನೋವಿನ ಗುಳಗಿ ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತದೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು. ಜೊತೆಗೆ ವಾರಕ್ಕೆ ಐದು ದಿನ ಅರ್ಧ ತಾಸು ಬಿರುಸು ನಡಿಗೆ.

ಕಾಕೂ ಅಂದರು, "ಅಡಗಿಗೆ ಉಪ್ಪ ಕಡಿಮಿನ ಹಾಕ್ತೀನ್ರಿ." ಸುಳ್ಳಲ್ಲ, ಜೋಳದ ರೊಟ್ಟಿಗೆ ಉಪ್ಪೇ ಇಲ್ಲ. ಉಪ್ಪು ಇರುವುದು ತಾಟಿನ ಅಂಚಿನಲ್ಲಿ: ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಮಜ್ಜಿಗೆಗೆ ಮೇಲೆ ಉದುರಿಸಿದ್ದು, ಸಂಜೆಯ ಮಿರ್ಚಿ ಭಜಿ. ಸೈಂಧವವೂ ಉಪ್ಪೇ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಅಂದರೆ ತಲೆಗೆ ಹೋಗುವುದಿಲ್ಲ, ಲೆಕ್ಕ ಹೀಗೆ ಹಿಡಿಯಬೇಕು: ನಾಲ್ಕು ಮಂದಿಯ ಮನೆಗೆ ಒಂದು ಕಿಲೋ ಪಾಕೀಟು 50 ದಿನ ಬರಬೇಕು, ಉಪ್ಪಿನಕಾಯಿಗೆ ಸುರಿದದ್ದೂ ಸೇರಿ.

"ನಮ್ಮಲ್ಲೂ ನಾಕ ಮಂದಿರಿ. ಮೂರ ವಾರಕ್ಕ ಮುಗಿತೈತಿ," ಅಂದರು ಕಾಕೂ. ಕಾಕಾ ಈ ಸಲ ತಲೆನೋವಿನ ಮಾತು ತೆಗೆಯಲಿಲ್ಲ.