ಅಮೆರಿಕ ಯಾವ ದಿಕ್ಕಿಗಿದೆ?

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಮ್ಮ ಕೇಳಿದರು: "ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಯಾವ ದಿಕ್ಕಿಗೆ?"

ಅಪ್ಪ ಪಶ್ಚಿಮ ಎಂದರು. ಸೋದರಮಾವ ಪೂರ್ವ ಎಂದರು, ಜಪಾನ್ ದಾಟಿದರೆ ಆಯಿತಲ್ಲ ಎಂಬ ವಾದ. ಸಾರು ಆರಿತು.

ಮಗಳ ಗ್ಲೋಬ್ ತಂದು, ಹೂ ಕಟ್ಟುವ ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದೆ. ದಾರ ಇಬ್ಬರ ಮಾತನ್ನೂ ಕೇಳಲಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಹೊರಟಿತು! ಟಿಬೆಟ್, ಸೈಬೀರಿಯಾ, ಅಲಾಸ್ಕಾ, ಆಮೇಲೆ ಕೆಳಕ್ಕೆ ಕ್ಯಾಲಿಫೋರ್ನಿಯಾ.

ಇನ್ನೂ ಸೋಜಿಗವೆಂದರೆ, ದಾರ ಎಲ್ಲಿಯೂ ತಿರುಗುವುದಿಲ್ಲ. ಆದರೂ ಹೊರಡುವಾಗ ಮುಖ ಉತ್ತರಕ್ಕೆ, ಸೈಬೀರಿಯಾದ ತುದಿಯಲ್ಲಿ ಪೂರ್ವಕ್ಕೆ, ಇಳಿಯುವಾಗ ದಕ್ಷಿಣಕ್ಕೆ. ನೇರವಾಗಿಯೇ ಹೋಗುತ್ತಿದ್ದೇವೆ, ದಿಕ್ಕು ಮಾತ್ರ ಬದಲಾಗುತ್ತಲೇ ಇರುತ್ತದೆ. ಸದಾ ಪೂರ್ವಕ್ಕೇ ಹೋಗುತ್ತೇನೆಂದು ಹಟ ಹಿಡಿದರೆ, ಸಮಭಾಜಕ ವೃತ್ತದ ಮೇಲಲ್ಲದೆ ಬೇರೆಲ್ಲಾದರೂ ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರಬೇಕು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ವಿಮಾನ ತಂದಿದ್ದರು. ಆಗ ಸುದ್ದಿ ಓದಿ ಸಾಹಸ ಎಂದುಕೊಂಡಿದ್ದೆ. ಸಾಹಸವೇ, ಆದರೆ ಸುತ್ತುದಾರಿಯಲ್ಲ.

ಉತ್ತರಕ್ಕೆ ಒಂದು ಕೊನೆಯಿದೆ. ಧ್ರುವದ ಮೇಲೆ ನಿಂತರೆ ಯಾವ ಕಡೆ ಕಾಲಿಟ್ಟರೂ ದಕ್ಷಿಣವೇ. (ಅಲ್ಲಿ ಮನೆ ಕಟ್ಟಿದರೆ ವಾಸ್ತು ಪಂಡಿತರು ಬಾಗಿಲನ್ನು ಎಲ್ಲಿಡಿಸುತ್ತಾರೋ!) ಪೂರ್ವಕ್ಕೆ ಅಂಥ ಕೊನೆಯೇ ಇಲ್ಲ, ಎಷ್ಟು ನಡೆದರೂ ಮುಂದೆ ಇನ್ನಷ್ಟು ಪೂರ್ವ.

ಮಾವ ಇನ್ನೂ ಒಪ್ಪಿಲ್ಲ. ದಾರ ಸಡಿಲವಾಗಿತ್ತಂತೆ.